ಬಿಟ್ಟಿ ಎಂಬ ಮಾತು, ಕೂಲಿಯ ಲೆಕ್ಕ

2023ರ ವಿಧಾನಸಭಾ ಚುನಾವಣೆಯಿಂದೀಚೆಗೆ ಕನ್ನಡದ ಒಂದು ಹಳೆಯ ಪದಕ್ಕೆ ವಿಪರೀತ ಕೆಲಸ ಬಿದ್ದಿದೆ. ಹೋಟೆಲಿನ ಮೇಜಿನ ಸುತ್ತ, ಟಿವಿ ಚರ್ಚೆಯಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಬಿಟ್ಟಿ’ ಎನ್ನದೆ ರಾಜಕೀಯದ ಮಾತು ಮುಗಿಯುವುದಿಲ್ಲ. ಬಿಟ್ಟಿ ಬಸ್ಸು, ಬಿಟ್ಟಿ ಕರೆಂಟು, ಬಿಟ್ಟಿ ಅಕ್ಕಿ, ಬಿಟ್ಟಿ ಎರಡು ಸಾವಿರ. ಪದದ ಮೂಲ ಬಲ್ಲವರಿಗೆ ಇದು ವಿಚಿತ್ರವಾಗಿ ಕೇಳಿಸಬೇಕು. ಸಂಸ್ಕೃತದ ‘ವಿಷ್ಟಿ’ ಕನ್ನಡಕ್ಕೆ ಬಂದು ಬಿಟ್ಟಿಯಾಯಿತು. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಂಡ ದುಡಿಮೆಗೆ ಆ ಹೆಸರು. ಅರಸನಿಗೆ, ಅವನ ಅಧಿಕಾರಿಗೆ, ಭೂಮಿಯ ಒಡೆಯನಿಗೆ ಬಡವ ಸಲ್ಲಿಸಬೇಕಿದ್ದ ಪುಕ್ಕಟೆ ಸೇವೆ ಅದು. ‘ಬಿಟ್ಟಿ ಚಾಕರಿ’ ಎಂಬ ಮಾತಿನಲ್ಲಿ ಆ ಅರ್ಥ ಇನ್ನೂ ಉಸಿರಾಡುತ್ತಿದೆ. ಆಗ ಬಿಟ್ಟಿಯಾಗಿ ಪಡೆಯುತ್ತಿದ್ದವನು ಉಳ್ಳವನು, ಕೊಡುತ್ತಿದ್ದವನು ದುಡಿಯುವವನು. ಈಗ ಅದೇ ಪದ ದುಡಿಯುವವನ ಮೇಲೆಯೇ ಆರೋಪವಾಗಿ ತಿರುಗಿ ಬಿದ್ದಿದೆ. ‘ಜೀತ’ದ ಕತೆಯೂ ಹೀಗೇ. ‘ಜೀವಿತ’ದಿಂದ ಬಂದ ಆ ಪದಕ್ಕೆ ಹಿಂದೆ ಸಂಬಳ, ಬದುಕಿಗೆ ಆಧಾರ ಎಂಬ ಅರ್ಥವಿತ್ತು, ಕಾಲ ಕಳೆದಂತೆ ಸಂಬಳ ಉದುರಿ ಸಂಕೋಲೆ ಮಾತ್ರ ಉಳಿಯಿತು. ಪದಗಳ ಚರಿತ್ರೆಯಿಂದ ಅರ್ಥಶಾಸ್ತ್ರ ಹುಟ್ಟುವುದಿಲ್ಲ, ಒಪ್ಪೋಣ. ಆದರೂ ಅವು ಒಂದು ಗುಮಾನಿ ಹುಟ್ಟಿಸುತ್ತವೆ: ನಾವು ಖಾತೆ ಪುಸ್ತಕದ ಒಂದೇ ಪುಟ ಓದುತ್ತಿಲ್ಲವೇ? ಸರ್ಕಾರ ಬಡವರಿಗೆ ಏನೇನು ಕೊಟ್ಟಿತು ಎಂದು ದಿನವಿಡೀ ಜಗಳವಾಡುತ್ತೇವೆ. ದುಡಿಸಿಕೊಂಡವರು ಎಷ್ಟು ಕೊಡದೆ ಉಳಿಸಿಕೊಂಡರು ಎಂಬ ಪುಟವನ್ನು ತಿರುವಿ ನೋಡುವವರಿಲ್ಲ.

ಮೊದಲ ಪುಟವನ್ನೇ ಸರಿಯಾಗಿ ಓದೋಣ. ಬಿಟ್ಟಿ ಎನಿಸಿಕೊಂಡ ಈ ಐದು ಗ್ಯಾರಂಟಿ ಯೋಜನೆಗಳಿಗೆ ರಾಜ್ಯ ಸರ್ಕಾರ 2024-25ರಲ್ಲಿ ಸುಮಾರು 52 ಸಾವಿರ ಕೋಟಿ, 2025-26ರಲ್ಲಿ ಸುಮಾರು 51 ಸಾವಿರ ಕೋಟಿ ರೂಪಾಯಿ ಎತ್ತಿಟ್ಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯೊಡತಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿಗೆ. ಇದು ಸಣ್ಣ ಮೊತ್ತವಲ್ಲ. ರಸ್ತೆ, ನೀರಾವರಿ, ಶಾಲಾ ಕಟ್ಟಡಕ್ಕೆ ಹಣ ಎಲ್ಲಿಂದ ಎಂದು ಕೇಳುವವರನ್ನು ಬಡವರ ವಿರೋಧಿಗಳೆಂದು ತಳ್ಳಿಹಾಕುವುದು ಸೋಮಾರಿತನ. ಆದರೆ ಅದೇ ಪ್ರಶ್ನೆಯನ್ನು ಎಲ್ಲ ಕಡೆಗೂ ಕೇಳಬೇಕಲ್ಲ? 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿಗಳ ಆದಾಯ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ, ಹೊಸ ತಯಾರಿಕಾ ಕಂಪನಿಗಳಿಗೆ ಶೇ 15ಕ್ಕೆ ಇಳಿಸಿತು. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಅಂದಾಜಿಸಿದ್ದು ಸ್ವತಃ ಹಣಕಾಸು ಸಚಿವರು. ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಗೆ 14 ವಲಯಗಳಲ್ಲಿ ಹಂಚಲು ನಿಗದಿಯಾದದ್ದು 1.97 ಲಕ್ಷ ಕೋಟಿ. ಇವೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ; ಮೊಬೈಲ್ ಫೋನಿನ ತಯಾರಿಕೆ ಇಲ್ಲಿಗೆ ಬಂದದ್ದರಲ್ಲಿ ಆ ಹಣದ ಪಾಲಿದೆ. ನಾನು ಹೇಳುತ್ತಿರುವುದು ಹೆಸರಿನ ಬಗ್ಗೆ. ಸರ್ಕಾರದ ದುಡ್ಡು ಕಂಪನಿಗೆ ಹೋದರೆ ‘ಪ್ರೋತ್ಸಾಹಧನ’, ಅಧಿಕಾರಿಗೆ ಹೋದರೆ ‘ಭತ್ಯೆ’, ರೈತನಿಗೆ ಹೋದರೆ ‘ಸಹಾಯಧನ’, ಬೆಳಗಿನಿಂದ ಸಂಜೆವರೆಗೆ ಊರು ಸುತ್ತುವ ಆಶಾ ಕಾರ್ಯಕರ್ತೆಗೆ ಹೋದರೆ ‘ಗೌರವಧನ’, ಮನೆಯೊಡತಿಗೆ ಹೋದರೆ ಮಾತ್ರ ‘ಬಿಟ್ಟಿ’. ತೆರಿಗೆ ಕಟ್ಟುವವರು ನಾವು, ತಿನ್ನುವವರು ಅವರು ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಸೋಪು, ಬಿಸ್ಕತ್ತು, ಮೊಬೈಲ್ ರೀಚಾರ್ಜು, ಪೆಟ್ರೋಲು ಕೊಂಡವರೆಲ್ಲ ತೆರಿಗೆ ಕಟ್ಟಿದವರೇ. ತೆರಿಗೆ ಎಂದರೆ ಆದಾಯ ತೆರಿಗೆಯೊಂದೇ ಎಂಬುದು ಆದಾಯ ತೆರಿಗೆ ಕಟ್ಟುವವರ ಭ್ರಮೆ.

ಇನ್ನು ಎರಡನೆಯ ಪುಟ. ಒಬ್ಬ ಕೆಲಸಗಾರನಿಗೆ ಕನಿಷ್ಠ ಎಷ್ಟು ಕೊಡಬೇಕು ಎಂಬುದನ್ನು ಈ ದೇಶ ಊಹೆಗೆ ಬಿಟ್ಟಿಲ್ಲ. 1957ರಲ್ಲೇ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಕೂತು ಲೆಕ್ಕ ಹಾಕಿದರು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ ಮೂರು ‘ಬಳಕೆ ಘಟಕ’, ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲರಿ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವಲ್ಲದೆ ಸೌದೆ, ದೀಪ ಇತ್ಯಾದಿಗೆ ಒಟ್ಟು ಕೂಲಿಯ ಶೇ 20. ಆ ಪಟ್ಟಿಯಲ್ಲಿ ಮಕ್ಕಳ ಓದಿಗೆ, ಕಾಯಿಲೆಗೆ, ಹಬ್ಬಕ್ಕೆ, ಮದುವೆಗೆ, ಮುಪ್ಪಿಗೆ ಜಾಗವಿರಲಿಲ್ಲ. ಅದನ್ನು ಸೇರಿಸಿದ್ದು ಸುಪ್ರೀಂ ಕೋರ್ಟು, 1991ರ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ: ಇವಕ್ಕೆಲ್ಲ ಕನಿಷ್ಠ ಕೂಲಿಯ ಶೇ 25 ಇರಬೇಕು ಎಂದಿತು. ಇಷ್ಟನ್ನೂ ಕೊಡಲಾಗದ ಉದ್ಯಮಕ್ಕೆ ನಡೆಯುವ ಹಕ್ಕೇ ಇಲ್ಲ ಎಂಬುದು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿದ ಮಾತು. 1982ರ ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಪ್ರಕರಣದಲ್ಲಂತೂ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು ಬರೆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಿಟ್ಟಿ. ಹಾಗಾಗಿ ಕನಿಷ್ಠ ಕೂಲಿಯೆಂಬುದು ಮಾಲೀಕ ಒಲಿದು ಕೊಡುವ ಭಕ್ಷೀಸು ಅಲ್ಲ, ಕಾರ್ಮಿಕ ನಾಯಕರ ಅತಿಯಾಸೆಯೂ ಅಲ್ಲ. ಎಪ್ಪತ್ತೆರಡು ಗಜ ಬಟ್ಟೆ ಎಷ್ಟು ಕಡಿಮೆ ಎಂದು ತಿಳಿಯಬೇಕಿದ್ದರೆ ಒಂದು ಗಾರ್ಮೆಂಟ್ ಕಾರ್ಖಾನೆಯ ಲೈನಿನಲ್ಲಿ ಗಂಟೆಯ ಟಾರ್ಗೆಟ್ ಮುಟ್ಟಿಸಲು ಒಬ್ಬ ಹೆಣ್ಣುಮಗಳ ಕೈಯಿಂದ ಹಾದುಹೋಗುವ ಬಟ್ಟೆಯನ್ನು ನೆನೆಸಿಕೊಂಡರೆ ಸಾಕು.

ಈ ಕನಿಷ್ಠದ ಮೇಲೆ ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ಏಪ್ರಿಲ್ ಒಂದರಂದು ತುಟ್ಟಿಭತ್ಯೆ ಸೇರಬೇಕು. ಕಾರ್ಖಾನೆಯ ಭಾಷೆಯಲ್ಲಿ ವಿಡಿಎ. ಅದು ಸಂಬಳದ ಏರಿಕೆಯಲ್ಲ, ಸಂಬಳ ಕರಗದಂತೆ ಕಟ್ಟಿದ ಒಡ್ಡು ಅಷ್ಟೆ. 2020ರ ಜುಲೈನಲ್ಲಿ ರಾಜ್ಯ ಸರ್ಕಾರ ಕೋವಿಡ್ ಕಾರಣ ಕೊಟ್ಟು ಆ ವರ್ಷದ ವಿಡಿಎಯನ್ನು 2021ರ ಮಾರ್ಚ್‌ವರೆಗೆ ಮುಂದೂಡಿತು. ಗಾರ್ಮೆಂಟ್ ಕಾರ್ಮಿಕರ ಸಂಘ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಆ ಆದೇಶಕ್ಕೆ ತಡೆ ಕೊಟ್ಟಿತು. ತಡೆ ಬಂದಮೇಲೂ ಬಹುಪಾಲು ಕಾರ್ಖಾನೆಗಳು ಕೊಡಲಿಲ್ಲ. ಮೊತ್ತ ತಿಂಗಳಿಗೆ 417 ರೂಪಾಯಿ. ಹೇಳಿಕೊಳ್ಳಲು ಏನೂ ಅಲ್ಲ. ಆದರೆ ವರ್ಷಕ್ಕೆ ಒಬ್ಬರಿಗೆ ಐದು ಸಾವಿರ, ರಾಜ್ಯದ ನಾಲ್ಕು ಲಕ್ಷ ಗಾರ್ಮೆಂಟ್ ಕೆಲಸಗಾರರಿಗೆ ಗುಣಿಸಿದರೆ 200 ಕೋಟಿ. ಒಂದೇ ಉದ್ಯಮ, ಒಂದೇ ವರ್ಷ, ಒಂದೇ ಭತ್ಯೆ. ವಿದೇಶಿ ಬ್ರ್ಯಾಂಡುಗಳ ಮೇಲೆ ಹೊರದೇಶದ ಕಾರ್ಮಿಕ ಹಕ್ಕು ಸಂಸ್ಥೆಗಳು ಒತ್ತಡ ಹಾಕಿ, ಆ ಬ್ರ್ಯಾಂಡುಗಳು ಇಲ್ಲಿನ ಮಾಲೀಕರ ಮೇಲೆ ಒತ್ತಡ ಹಾಕಿದ ಮೇಲೆ, 2022ರ ಆರಂಭದಲ್ಲಿ ಬಾಕಿ ಕೊಡುವ ಮಾತು ಬಂತು. ಕೋವಿಡ್ ಕಾಲದಲ್ಲಿ ಸರ್ಕಾರಿ ನೌಕರರ ಡಿಎಯೂ ಹದಿನೆಂಟು ತಿಂಗಳು ನಿಂತಿತ್ತು, ನಿಜ. ಆದರೆ ಅವರ ಮೂಲ ವೇತನ ನಿಂತಿರಲಿಲ್ಲ, ಅವರಿಗೆ ಲಾಕ್‌ಡೌನಿನಲ್ಲಿ ಕೆಲಸ ಹೋಗಿರಲಿಲ್ಲ, ಅವರಿಗೆ ನಾಳೆ ಏಳನೇ ವೇತನ ಆಯೋಗವಿತ್ತು. 2024ರ ಆಗಸ್ಟಿನಿಂದ ಅದು ಜಾರಿಯೂ ಆಯಿತು. ನ್ಯಾಯಾಲಯ ಕೊಡಿ ಎಂದಮೇಲೂ ಕೊಡದ ಆ ಇನ್ನೂರು ಕೋಟಿಯ ಬಗ್ಗೆ ಎಷ್ಟು ಟಿವಿ ಚರ್ಚೆ ನಡೆಯಿತು? ಯಾವ ಪಕ್ಷ ಅದನ್ನು ಭಾಷಣದ ವಸ್ತು ಮಾಡಿಕೊಂಡಿತು? ಅದಕ್ಕೆ ಯಾರೂ ಬಿಟ್ಟಿ ಎನ್ನಲಿಲ್ಲ.

2025ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೊಂದು ನೋಟ ಸಿಗುತ್ತದೆ. ಮಾರ್ಚ್ 21ರಂದು ಸದನದಲ್ಲಿ ಗದ್ದಲ. ಪೀಠದ ಮುಂದೆ ಕಾಗದ ಹರಿದೆಸೆದದ್ದು, 18 ಶಾಸಕರ ಅಮಾನತು. ಆ ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾದ ಮಸೂದೆಗಳಲ್ಲಿ ಒಂದು ಶಾಸಕರ ಸಂಬಳದ್ದು: ತಿಂಗಳಿಗೆ 40 ಸಾವಿರ ಇದ್ದದ್ದು 80 ಸಾವಿರವಾಯಿತು, ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷವಾಯಿತು. ಭತ್ಯೆಗಳ ಲೆಕ್ಕ ಬೇರೆ. ಅದಾದ ಮೂರು ವಾರಕ್ಕೆ ಕಾರ್ಮಿಕ ಇಲಾಖೆ ರೆಪ್ಟಾಕೋಸ್ ಮಾನದಂಡದಂತೆ ಹೊಸ ಕನಿಷ್ಠ ಕೂಲಿಯ ಕರಡು ಹೊರಡಿಸಿತು. ಬೆಂಗಳೂರಿನಂಥ ಮೊದಲ ವಲಯದಲ್ಲಿ ಕೌಶಲ ಬೇಡದ ಕೆಲಸಕ್ಕೆ ತಿಂಗಳಿಗೆ 23,376 ರೂಪಾಯಿ, ಕೊನೆಯ ವಲಯದಲ್ಲಿ 19,319. ಉದ್ಯಮ ಸಂಘಗಳಿಂದ ತಕ್ಷಣ ಆಕ್ಷೇಪ ಬಂತು: ಏರಿಕೆ ವಿಪರೀತ, ಸಣ್ಣ ಕೈಗಾರಿಕೆ ಮುಚ್ಚುತ್ತದೆ. ಏರಿಕೆ ದೊಡ್ಡದೆಂಬುದು ಸುಳ್ಳಲ್ಲ. ಆದರೆ ಅದು ಅಷ್ಟು ದೊಡ್ಡದಾಗಿ ಕಂಡದ್ದು ಯಾಕೆ? 1957ರ ಪಟ್ಟಿಗೆ ಇಂದಿನ ಅಂಗಡಿಯ ಬೆಲೆ ಹಾಕಿ ಕೂಡಿದಾಗ ಬಂದ ಉತ್ತರ ಅದು. ಏರಿಕೆಯ ಗಾತ್ರ ನಿಜವಾಗಿ ತೋರಿಸುವುದು ಅಲ್ಲಿಯವರೆಗೆ ಕೊಡುತ್ತಿದ್ದದ್ದು ಕಾನೂನಿನ ಮಾನದಂಡಕ್ಕಿಂತ ಎಷ್ಟು ಕೆಳಗಿತ್ತು ಎಂಬುದನ್ನು. ಐದು ವರ್ಷಕ್ಕೊಮ್ಮೆ ಕೂಲಿ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳಿದರೂ, ಪ್ರತಿ ಪರಿಷ್ಕರಣೆಯಲ್ಲೂ ಮಾಲೀಕರ ಜೊತೆ ಚೌಕಾಸಿ ಮಾಡಿ ಒಂದಷ್ಟು ಕೂಡಿಸುತ್ತ ಬಂದರೆ ಕೊನೆಗೊಂದು ದಿನ ಸರಿಯಾದ ಲೆಕ್ಕವೇ ಆಘಾತವಾಗಿ ಕಾಣುತ್ತದೆ.

ಉದ್ಯಮಕ್ಕೆ ಕೊಡುವ ಶಕ್ತಿಯಿಲ್ಲ ಎಂಬ ವಾದವನ್ನು ಸರ್ಕಾರದ್ದೇ ದಾಖಲೆಯೊಂದಿಗೆ ಹೋಲಿಸಿ ನೋಡಬಹುದು. 2025ರ ಜನವರಿಯಲ್ಲಿ ಸಂಸತ್ತಿನ ಮುಂದಿಟ್ಟ ಆರ್ಥಿಕ ಸಮೀಕ್ಷೆ ಯಾವ ಕಾರ್ಮಿಕ ಸಂಘದ ಕರಪತ್ರವೂ ಅಲ್ಲ. 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಏರಿತು, ಉದ್ಯೋಗ ಏರಿದ್ದು ಶೇ 1.5 ಮಾತ್ರ; ಒಟ್ಟು ದೇಶೀಯ ಉತ್ಪನ್ನದಲ್ಲಿ ಲಾಭದ ಪಾಲು ಹದಿನೈದು ವರ್ಷಗಳಲ್ಲೇ ಹೆಚ್ಚು ಎಂದು ಅದು ಬರೆಯಿತು. ಕೂಲಿ ಏರದಿದ್ದರೆ ಕೊಳ್ಳುವವರೂ ಇರುವುದಿಲ್ಲ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಇದು ದೊಡ್ಡ ಕಂಪನಿಗಳ ಲೆಕ್ಕ. ಪೀಣ್ಯದ ಮೂರು ಲೇತ್ ಮಷೀನಿನ ಶೆಡ್ಡಿಗೆ ಅನ್ವಯಿಸುವುದಿಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಇದೇ ಅವಧಿಯಲ್ಲಿ ದೇಶದ ಮಟ್ಟದ ತಳಕೂಲಿ ಏನಾಯಿತು? ಕೇಂದ್ರ ಸರ್ಕಾರವೇ ನೇಮಿಸಿದ ಅನೂಪ್ ಸತ್ಪಥಿ ಸಮಿತಿ 2019ರಲ್ಲಿ ದಿನಕ್ಕೆ 375 ರೂಪಾಯಿ ಶಿಫಾರಸು ಮಾಡಿತು. ಸರ್ಕಾರ ಅದುವರೆಗಿದ್ದ 176ನ್ನು 178 ಮಾಡಿತು. ಎರಡು ರೂಪಾಯಿ. ಒಂದು ಸಮಿತಿಯ ಸಭೆಗಳಲ್ಲಿ ಕುಡಿದ ಚಹಾದ ಬಿಲ್ಲು ಇದಕ್ಕಿಂತ ಹೆಚ್ಚಿದ್ದೀತು.

ಖಾಸಗಿಯವರನ್ನಷ್ಟೇ ದೂರಿದರೆ ಮಾತು ಅರ್ಧವಾಗುತ್ತದೆ. ಕೂಲಿ ಕಾನೂನನ್ನು ಜಾಣತನದಿಂದ ದಾಟುವುದರಲ್ಲಿ ಸರ್ಕಾರಕ್ಕಿಂತ ಪಳಗಿದ ಮಾಲೀಕರಿಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ, ಬಿಸಿಯೂಟದ ಅಡುಗೆಯವರು ಸರ್ಕಾರದ ಲೆಕ್ಕದಲ್ಲಿ ನೌಕರರಲ್ಲ, ಸ್ವಯಂಸೇವಕರು. ಸಂಬಳದ ಜಾಗದಲ್ಲಿ ಗೌರವಧನ ಎಂದು ಬರೆದ ಕೂಡಲೇ ಕನಿಷ್ಠ ಕೂಲಿಯ ಕಾಯ್ದೆ ಬಾಗಿಲ ಹೊರಗೆ ನಿಲ್ಲುತ್ತದೆ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ಗಳಿಸಿದ್ದು ತಿಂಗಳಿಗೆ ಕನಿಷ್ಠ ಹತ್ತು ಸಾವಿರದ ಭರವಸೆ. ಮೂರು ತಿಂಗಳ ನಂತರದ ಕರಡಿನಲ್ಲಿ ಮೊದಲ ವಲಯಕ್ಕೆ ಹೇಳಿದ ಕೂಲಿಯ ಅರ್ಧಕ್ಕೂ ಕಡಿಮೆ. ಉದ್ಯೋಗ ಖಾತರಿಯಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ ನಿಗದಿಯಾಯಿತು. ರಾಜ್ಯದ ಕನಿಷ್ಠ ಕೃಷಿ ಕೂಲಿಗಿಂತ ಇದು ಕಡಿಮೆ ಇರಬಾರದು ಎಂದು 2011ರಲ್ಲೇ ಕರ್ನಾಟಕ ಹೈಕೋರ್ಟು ಹೇಳಿತ್ತು. ಮುಂದಿನ ವರ್ಷ ಆ ತೀರ್ಪಿಗೆ ತಡೆ ಕೊಡಲು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಆದರೂ ಎರಡು ದರಗಳ ನಡುವಿನ ಕಂದಕ ಮುಚ್ಚಲಿಲ್ಲ. ಇದಕ್ಕೆ ವ್ಯತಿರಿಕ್ತವಾದ ಒಂದು ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಬೆಂಗಳೂರಿನ ಪೌರಕಾರ್ಮಿಕರು ದಶಕಗಳ ಕಾಲ ಗುತ್ತಿಗೆದಾರನ ಕೈಕೆಳಗಿದ್ದರು. ಹಾಜರಾತಿ, ಪಿಎಫ್, ಇಎಸ್‌ಐ ಎಲ್ಲದರಲ್ಲೂ ನಡುವಿನವನ ಕೈ. 2018ರ ಹೊತ್ತಿಗೆ ನಡುವಿನವನನ್ನು ತೆಗೆದು ನೇರವಾಗಿ ಸಂಬಳ ಕೊಡುವ ವ್ಯವಸ್ಥೆ ಬಂತು. 2022ರ ಮುಷ್ಕರದ ನಂತರ ಕಾಯಂ ಮಾಡುವ ಪ್ರಕ್ರಿಯೆ ಶುರುವಾಗಿ, 2025ರ ಮೇ ಒಂದರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಮಾತಿ ಆದೇಶ ಸಿಕ್ಕಿತು. ಪಾಲಿಕೆ ಮುಳುಗಿಹೋಗಲಿಲ್ಲ. ಕಸ ಗುಡಿಸುವ ಕೆಲಸಕ್ಕೆ ಸರಿಯಾದ ಸಂಬಳ ಅಸಾಧ್ಯ ಎಂದು ಇಪ್ಪತ್ತು ವರ್ಷ ಹೇಳಿದವರು ಈಗ ಬೇರೆ ವಿಷಯ ಮಾತಾಡುತ್ತಿದ್ದಾರೆ.

ಹಾಗಾದರೆ ಗ್ಯಾರಂಟಿಗಳ ಗತಿ? ಕೂಲಿಯ ಪಕ್ಷ ವಹಿಸುವವರಲ್ಲಿ ಕೆಲವರಿಗೆ ಗ್ಯಾರಂಟಿಗಳ ಬಗ್ಗೆ ಅನುಮಾನವಿದೆ. ಸರ್ಕಾರ ಮನೆಗೆ ಎರಡು ಸಾವಿರ ಕಳಿಸಿದರೆ ಮಾಲೀಕನಿಗೆ ಕೂಲಿ ಏರಿಸುವ ತುರ್ತು ತಪ್ಪುತ್ತದೆ, ಕಡೆಗೆ ಆ ಹಣ ಸೇರುವುದು ಅವನಿಗೇ ಎಂಬ ವಾದ. ಇದಕ್ಕೊಂದು ಹಳೆಯ ಸಾಕ್ಷಿಯನ್ನೂ ತರುತ್ತಾರೆ: 1795ರಲ್ಲಿ ಇಂಗ್ಲೆಂಡಿನ ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ನ್ಯಾಯಾಧಿಕಾರಿಗಳು ರೊಟ್ಟಿಯ ಬೆಲೆಗೆ ತಕ್ಕಂತೆ ಬಡವರ ಕೂಲಿಗೆ ಊರಿನ ತೆರಿಗೆ ಹಣದಿಂದ ಭರ್ತಿ ಮಾಡಿಕೊಡಲು ಶುರುಮಾಡಿದರು, ಹೇಗೂ ಭರ್ತಿಯಾಗುತ್ತದಲ್ಲ ಎಂದು ಜಮೀನುದಾರರು ಕೂಲಿ ಇಳಿಸಿದರು ಎಂಬುದು ಆ ಕತೆ. ಚರಿತ್ರಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ, ಆದರೆ ಅಪಾಯ ಕಾಲ್ಪನಿಕವಲ್ಲ. ನಮ್ಮ ಗೃಹಲಕ್ಷ್ಮಿಗೂ ಅದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಕೂಲಿ ಕಡಿಮೆಯಾದಷ್ಟೂ ಭರ್ತಿ ಹೆಚ್ಚುತ್ತಿತ್ತು. ಇಲ್ಲಿ ಎರಡು ಸಾವಿರ ಕೂಲಿ ಏರಿದರೂ ಅಷ್ಟೆ, ಇಳಿದರೂ ಅಷ್ಟೆ. ಕೈಯಲ್ಲಿ ಸ್ವಲ್ಪ ಹಣ, ಮನೆಯಲ್ಲಿ ಅಕ್ಕಿ ಇರುವ ಹೆಂಗಸು ತೀರಾ ಕಡಿಮೆ ಕೂಲಿಗೆ ‘ಒಲ್ಲೆ’ ಎನ್ನಬಲ್ಲಳು. ಬಸ್ಸಿನ ಖರ್ಚಿಲ್ಲದಿದ್ದರೆ ಪಕ್ಕದ ಪಟ್ಟಣದಲ್ಲಿ ಇನ್ನೂರು ಹೆಚ್ಚು ಸಿಗುವ ಕಡೆ ಹೋಗಬಲ್ಲಳು. ಹೆಂಗಸರ ಉಚಿತ ಬಸ್ಸಿನ ಶಕ್ತಿ ಯೋಜನೆಯ ಟಿಕೆಟ್ 2025ರ ಜುಲೈ ಹೊತ್ತಿಗೆ 500 ಕೋಟಿ ದಾಟಿತು. ಅಷ್ಟೂ ಪ್ರಯಾಣ ಧರ್ಮಸ್ಥಳಕ್ಕೇ ಎಂದು ನಂಬುವವರು ಬೆಳಿಗ್ಗೆ ಏಳರ ಬಸ್ಸನ್ನು ನೋಡಿಲ್ಲ. ಗ್ಯಾರಂಟಿಗಳಿಂದ ಕೂಲಿಗೆ ಜನ ಸಿಗುತ್ತಿಲ್ಲ ಎಂಬ ದೂರನ್ನೇ ತಿರುಗಿಸಿ ಓದಿದರೆ, ಹಳೆಯ ಕೂಲಿಗೆ ಜನ ಸಿಗುತ್ತಿಲ್ಲ ಎಂದರ್ಥ. ಆದ್ದರಿಂದ ನನಗೆ ಗ್ಯಾರಂಟಿಗಳ ಮೇಲೆ ತಕರಾರಿಲ್ಲ. ತಕರಾರು ಇರುವುದು ಅವನ್ನು ಕೊಟ್ಟು ಆರ್ಥಿಕ ನ್ಯಾಯ ಮುಗಿಯಿತೆಂದು ಕೈತೊಳೆದುಕೊಳ್ಳುವ ಸರ್ಕಾರದ ಮೇಲೆ. ವರ್ಷಕ್ಕೆ 50 ಸಾವಿರ ಕೋಟಿ ಖರ್ಚು ಮಾಡಲು ತೋರುವ ಧೈರ್ಯ, ಬೊಕ್ಕಸದಿಂದ ಒಂದು ರೂಪಾಯಿಯೂ ಬೇಡದ ಕೂಲಿ ಅಧಿಸೂಚನೆಗೆ ಸಹಿ ಹಾಕುವಾಗ ಎಲ್ಲಿ ಹೋಗುತ್ತದೆ?

ಕೂಲಿ ಏರಿದರೆ ಕೆಲಸವೇ ಹೋಗುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಪಠ್ಯಪುಸ್ತಕದ ಅರ್ಥಶಾಸ್ತ್ರವೂ ಬಹುಕಾಲ ಹಾಗೆಯೇ ಹೇಳಿತು. 1990ರ ದಶಕದ ಆರಂಭದಲ್ಲಿ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಏರಿದಾಗ, ಏರದ ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೋಲಿಸಿ ಹೋಟೆಲು ಕೆಲಸಗಳನ್ನು ಎಣಿಸಿದರು. ಕೆಲಸ ಕಡಿಮೆಯಾದ ಕುರುಹು ಸಿಗಲಿಲ್ಲ. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಜರ್ಮನಿ 2015ರಲ್ಲಿ ಮೊದಲ ಬಾರಿಗೆ ಇಡೀ ದೇಶಕ್ಕೆ ಕನಿಷ್ಠ ಕೂಲಿ ತಂದಾಗ ಲಕ್ಷಾಂತರ ಉದ್ಯೋಗ ಹೋಗುತ್ತದೆಂದು ಕೆಲವು ತಜ್ಞರು ಹೆದರಿಸಿದ್ದರು, ಹಾಗಾಗಲಿಲ್ಲ. ಇದರಿಂದ ಎಷ್ಟು ಏರಿಸಿದರೂ ಏನೂ ಆಗದು ಎಂದು ತೀರ್ಮಾನಿಸುವುದು ಮೂರ್ಖತನ. ಜರ್ಮನಿಯಂತೆ ಹೆಚ್ಚಿನವರು ಲೆಕ್ಕಪತ್ರದೊಳಗೆ ದುಡಿಯುವ ದೇಶವೂ ನಮ್ಮದಲ್ಲ. ಸಂಬಳದ ಕೆಲಸದಲ್ಲಿರುವವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಿಖಿತ ಒಪ್ಪಂದವಿಲ್ಲ ಎಂಬುದು ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ಮಾಹಿತಿ. ಇನ್ನು ಗಾರ್ಮೆಂಟ್ ಕಾರ್ಖಾನೆ ಹಿಂದೂಪುರಕ್ಕೋ ಹೊಸೂರಿಗೋ ಬಾಂಗ್ಲಾದೇಶಕ್ಕೋ ಹೋಗುತ್ತದೆ ಎಂಬ ಭಯ. ರಾಜ್ಯದೊಳಗೇ ಈ ಓಟ ನಡೆದಿದೆ. ಬೆಂಗಳೂರಿನಿಂದ ರಾಮನಗರ, ಮಂಡ್ಯ, ಹಾಸನ, ಶಿವಮೊಗ್ಗದ ಕಡೆಗೆ ಕಾರ್ಖಾನೆಗಳು ಸರಿದದ್ದರಲ್ಲಿ ಅಗ್ಗದ ಜಾಗದ ಜೊತೆಗೆ ಕೆಳಗಿನ ವಲಯದ ಅಗ್ಗದ ಕೂಲಿಯೂ ಸೇರಿದೆ. ಪ್ರತಿ ರಾಜ್ಯವೂ ಪಕ್ಕದವನಿಗಿಂತ ಒಂದು ಮೆಟ್ಟಿಲು ಕೆಳಗಿಳಿದು ಬಂಡವಾಳ ಕರೆದರೆ ಕೊನೆಗೆ ಎಲ್ಲರೂ ಬಾವಿಯ ತಳದಲ್ಲಿ ಸಿಗುತ್ತಾರೆ. ಇದಕ್ಕೆ ಮದ್ದು ದೇಶದ ಮಟ್ಟದ ತಳಕೂಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಕೇಂದ್ರಕ್ಕೆ ಅಂಥ ಅಧಿಕಾರ ಕೊಟ್ಟಿದೆ. ಆ ತಳಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯುವಂತಿಲ್ಲ. ಸಂಹಿತೆಗಳಲ್ಲಿ ಕಾರ್ಮಿಕರಿಗೆ ಕಹಿಯಾದದ್ದು ಬಹಳವಿದೆ, ಆದರೆ ಈ ಒಂದು ಕಲಂ ಚೆನ್ನಾಗಿದೆ. ಅಲ್ಲಿ ಬರೆಯುವ ಸಂಖ್ಯೆ 178ರ ಅಣ್ಣತಮ್ಮನಾಗದಿದ್ದರೆ ಸಾಕು.

ಈಗ ಪೀಣ್ಯದ ಶೆಡ್ಡು. ಅಲ್ಲಿನ ಮಾಲೀಕ ಹಲವು ಸಲ ತಾನೇ ಮಷೀನಿನ ಮುಂದೆ ನಿಂತು ದುಡಿಯುವವನು. ಕೂಲಿ ಏರಿಸಲು ಅವನಿಗೆ ಕಷ್ಟ ಎಂಬುದು ನಾಟಕವಲ್ಲ. ಆದರೆ ಅವನ ಕಷ್ಟ ಕೂಲಿಯಿಂದ ಶುರುವಾಗುವುದಿಲ್ಲ. ಜಾಬ್‌ವರ್ಕ್ ಕೊಟ್ಟ ದೊಡ್ಡ ಕಂಪನಿ ಬಿಲ್ಲಿನ ಹಣವನ್ನು ನಾಲ್ಕು ತಿಂಗಳು ಹಿಡಿದಿಡುವುದರಿಂದ ಶುರುವಾಗುತ್ತದೆ. ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ ಎಂಬ ನಿಯಮ 2024ರ ಏಪ್ರಿಲಿನಿಂದ ಬಂದಾಗ, ದೊಡ್ಡವರು ಆರ್ಡರನ್ನೇ ಬೇರೆಡೆ ಒಯ್ಯುವ ಭಯದಿಂದ ಸಣ್ಣವರಲ್ಲೇ ಕೆಲವರು ಅದು ಬೇಡ ಎಂದರು. ಮಾಲೀಕನೆನಿಸಿಕೊಂಡವನೂ ತನ್ನ ಹಕ್ಕು ಕೇಳಲು ಹೆದರುತ್ತಾನೆ ಎಂದರೆ, ಅವನ ಕೆಳಗಿನವನ ಪಾಡು ಹೇಳಬೇಕಿಲ್ಲ. ಮೇಲಿನವನು ಕೊಡದ್ದನ್ನು ಕೆಳಗಿನವನ ಕೂಲಿಯಲ್ಲಿ ಕಳೆಯುವುದು ಈ ಸರಪಳಿಯ ಒಟ್ಟು ವ್ಯವಹಾರ. ರೈತನ ಸ್ಥಿತಿಯೂ ಬಹುಮಟ್ಟಿಗೆ ಇದೇ. ನಾಟಿಗೆ, ಕಳೆಗೆ, ಕೊಯ್ಲಿಗೆ ಆಳು ಕರೆಯುವ ಎರಡು ಎಕರೆಯವನಿಗೆ ಕೂಲಿ ಏರಿಕೆ ನೇರ ಹೊಡೆತ, ಏಕೆಂದರೆ ತನ್ನ ಬೆಳೆಯ ಬೆಲೆ ಕಟ್ಟುವವನು ಅವನಲ್ಲ. ಇಲ್ಲಿ ನನ್ನ ವಾದ ಒಂಟಿಕಾಲಿನಲ್ಲಿ ನಿಂತಿದೆ ಎಂದು ಒಪ್ಪುತ್ತೇನೆ. ಬೆಳೆಗೆ ಬೆಲೆಯಿಲ್ಲದೆ ಹೊಲದ ಕೂಲಿಗೆ ನ್ಯಾಯ ಸಿಗದು. ರೈತ ಸಂಘದವರು ಮತ್ತು ಕೂಲಿಕಾರರ ಸಂಘದವರು ಒಂದೇ ವೇದಿಕೆಯಲ್ಲಿ ಕೂರುವುದು ಅಪರೂಪವಾಗಿರುವುದರಿಂದ ಈ ಗಂಟು ಹಾಗೇ ಉಳಿದಿದೆ.

ಬೆಲೆ ಏರುತ್ತದೆ ಎಂಬ ಆಕ್ಷೇಪಕ್ಕೆ ಚಿಕ್ಕ ಉತ್ತರ: ಹೌದು, ಒಂದಷ್ಟು ಏರುತ್ತದೆ. ಹೋಟೆಲಿನ ಇಡ್ಲಿಗೆ, ಮನೆಗೆ ಬರುವ ಪಾರ್ಸಲಿಗೆ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕಕ್ಕೆ. ಪತ್ರಿಕೆ ಓದುವ ನಮ್ಮಂಥವರು ಈ ಲೆಕ್ಕದಲ್ಲಿ ಪ್ರೇಕ್ಷಕರಲ್ಲ, ನಾವೂ ಮಾಲೀಕರೇ. ಮನೆಗೆಲಸದವರನ್ನು ಕನಿಷ್ಠ ಕೂಲಿಯ ಪಟ್ಟಿಗೆ ಸೇರಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು, 2004ರಲ್ಲೇ. ಪಾತ್ರೆ ತೊಳೆದು ನೆಲ ಒರೆಸುವವಳಿಗೆ ಸರ್ಕಾರ ನಿಗದಿ ಮಾಡಿದ ದರ ಎಷ್ಟೆಂದು ಕೇಳಿದರೆ ಎಷ್ಟು ಮನೆಗಳಲ್ಲಿ ಉತ್ತರ ಸಿಕ್ಕೀತು? ಪೆಟ್ರೋಲಿನ ದರ ಪೈಸೆ ಸಹಿತ ಗೊತ್ತಿರುತ್ತದೆ.

ಇಷ್ಟು ದೊಡ್ಡ ವಿಷಯ ಚುನಾವಣೆಯ ವಿಷಯವಾಗದೆ ಉಳಿದದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಗ್ಯಾರಂಟಿಯ ಹಣ ಕೊಟ್ಟವರ ಹೆಸರು ಫಲಕದಲ್ಲಿ ಬರುತ್ತದೆ. ಕೂಲಿ ಏರಿದರೆ ಸಂಬಳದ ಚೀಟಿಯಲ್ಲಿ ಮುಖ್ಯಮಂತ್ರಿಯ ಫೋಟೊ ಇರುವುದಿಲ್ಲ. ಕೂಲಿ ಏರಿಕೆಯಿಂದ ನಷ್ಟವಾಗುವವರು ಕೆಲವರು, ಸಂಘಟಿತರು, ಪಕ್ಷಗಳಿಗೆ ದೇಣಿಗೆ ಕೊಡುವವರು. ಲಾಭವಾಗುವವರು ಲಕ್ಷಾಂತರ, ಚದುರಿಹೋದವರು. ರಾಯಚೂರು, ಕಲಬುರಗಿ, ಬಿಹಾರ, ಒಡಿಶಾದಿಂದ ಬೆಂಗಳೂರಿಗೆ ಬಂದ ಬಹಳ ಮಂದಿಯ ಮತ ಇರುವುದು ಊರಿನಲ್ಲಿ, ದುಡಿಮೆ ಇರುವುದು ಇಲ್ಲಿ. ಆದರೂ ಒಮ್ಮೆ ಈ ಲೆಕ್ಕ ತಲೆಕೆಳಗಾಗಿತ್ತು. ಪಿಎಫ್‌ನಲ್ಲಿ ಮಾಲೀಕನ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಯಾವ ಪಕ್ಷದ, ಯಾವ ದೊಡ್ಡ ಸಂಘದ ಕರೆಯೂ ಇಲ್ಲದೆ ರಸ್ತೆಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತುಹೋದವು. ಕಲ್ಲು, ಲಾಠಿ, ಬೆಂಕಿ ಎಲ್ಲವೂ ನಡೆದು ಅದು ಶಾಂತವಾದ ಹೋರಾಟವಾಗಿ ಉಳಿಯಲಿಲ್ಲ. ಎರಡನೆಯ ದಿನ ಸಂಜೆಯೊಳಗೆ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಅನ್ವಯಿಸುತ್ತಿದ್ದ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅವರು ಕೇಳಿದ್ದು ಸರ್ಕಾರದ ಹಣವನ್ನಲ್ಲ, ತಮ್ಮ ಹೆಸರಿನಲ್ಲಿ ಜಮೆಯಾದ ತಮ್ಮದೇ ದುಡಿಮೆಯನ್ನು.

ಕೂಲಿಯ ಕರಡು ಪ್ರಕಟವಾದಾಗ ಆಕ್ಷೇಪ, ಸಲಹೆ ಸಲ್ಲಿಸಲು ಕನಿಷ್ಠ ಎರಡು ತಿಂಗಳು ಕೊಡಬೇಕೆಂದು 1948ರ ಕಾಯ್ದೆಯಿಂದಲೇ ನಡೆದು ಬಂದ ಪದ್ಧತಿ. ಆ ಅವಧಿಯಲ್ಲಿ ಮಾಲೀಕರ ಸಂಘಗಳು ವಕೀಲರಿಂದ ಬರೆಸಿದ ಪತ್ರ ಕಳಿಸುತ್ತವೆ, ಕಾರ್ಮಿಕ ಸಂಘಗಳು ತಮ್ಮ ಮನವಿ ಕೊಡುತ್ತವೆ. ಯಾವ ನಾಗರಿಕನಾದರೂ ಬರೆಯಬಹುದು. ಇಂಥ ಅರ್ಹತೆ ಬೇಕೆಂದು ಎಲ್ಲೂ ಹೇಳಿಲ್ಲ. ಗ್ಯಾರಂಟಿಯ ಪರವಾಗಿ, ವಿರೋಧವಾಗಿ ದಿನಕ್ಕೆ ಹತ್ತು ಸಂದೇಶ ಕಳಿಸುವ ನಮ್ಮಿಂದ ಕಾರ್ಮಿಕ ಇಲಾಖೆಯ ಆ ಕಡತಕ್ಕೆ ಇದುವರೆಗೆ ಎಷ್ಟು ಕಾಗದ ಹೋಗಿವೆ?